ಅಕ್ಕ ಅಮೆರಿಕದಲ್ಲಿದ್ದರೆ ತಮ್ಮನಿಗೆ ಕೇಂದ್ರದ ಕೆಲಸ ಸಿಗಲ್ವಾ?

ಸೇನೆ, ಸಿಆರ್‌ಪಿಎಫ್, ಇಸ್ರೊ, ಮೈಸೂರಿನ ಡಿಎಫ್‌ಆರ್‌ಎಲ್. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಮಕ್ಕಳು ಕಣ್ಣಿಟ್ಟಿರುವ ಕೆಲಸಗಳಿವು. ಪರೀಕ್ಷೆ ಪಾಸಾದ ಮೇಲೆ ಪೊಲೀಸ್ ವೆರಿಫಿಕೇಶನ್‌ಗೆ ಫಾರಂ ತುಂಬಬೇಕು. ಆಗ ಊರಲ್ಲಿ ಯಾರಾದರೊಬ್ಬರು ಬುದ್ಧಿ ಹೇಳುತ್ತಾರೆ: "ಅಕ್ಕ ಫಾರಿನ್‌ನಲ್ಲವಳೆ ಅಂತ ಬರೀಬೇಡ ಕಣಪ್ಪ, ಕೆಲಸ ತಪ್ಪೋಯ್ತದೆ."

ಆ ಮಾತು ಕೇಳಬೇಡಿ. ಬರೆದರೆ ಕೆಲಸ ತಪ್ಪುವುದಕ್ಕಿಂತ ಮುಚ್ಚಿಟ್ಟರೆ ತಪ್ಪುವುದೇ ಹೆಚ್ಚು.

ಕೇಂದ್ರ ಸರ್ಕಾರದ ಅಟೆಸ್ಟೇಶನ್ ಫಾರಂ ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿ, ಅಣ್ಣತಮ್ಮ, ಅಕ್ಕತಂಗಿಯರ ರಾಷ್ಟ್ರೀಯತೆ ಮತ್ತು ವಿಳಾಸ ಕೇಳುತ್ತದೆ. ಮಕ್ಕಳು ಹೊರದೇಶದಲ್ಲಿದ್ದರೆ ಎಲ್ಲಿ, ಯಾವಾಗಿನಿಂದ ಎಂದೂ ಕೇಳುತ್ತದೆ. ಸುಳ್ಳು ಬರೆದರೆ, ಮಾಹಿತಿ ಮುಚ್ಚಿಟ್ಟರೆ ಅನರ್ಹ ಎಂಬ ಎಚ್ಚರಿಕೆ ಅದೇ ಫಾರಂನಲ್ಲಿದೆ. ನೆಂಟರು ಹೊರದೇಶದಲ್ಲಿದ್ದರೆ ಅನರ್ಹ ಎಂದು ಅದರಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಗೊಂದಲ. ದುಬೈನಲ್ಲಿ ದುಡಿಯುವ ಅಣ್ಣ, ಗ್ರೀನ್ ಕಾರ್ಡ್ ಇರುವ ಅಕ್ಕ ಇಬ್ಬರೂ ಭಾರತೀಯ ಪ್ರಜೆಗಳೇ. ಅಕ್ಕ ಅಮೆರಿಕದ ಪೌರತ್ವ ಪಡೆದಿದ್ದರೆ ಮಾತ್ರ ಬೇರೆ. ಆಗ ಒಸಿಐ ಕಾರ್ಡ್ ಇದ್ದರೂ ಆಕೆಯ ರಾಷ್ಟ್ರೀಯತೆ ಭಾರತೀಯ ಅಲ್ಲ. ಇದ್ದದ್ದನ್ನು ಇದ್ದಂತೆ ಬರೆಯಿರಿ.

ಸರ್ಕಾರಕ್ಕೆ ಇದೆಲ್ಲ ಯಾಕೆ ಬೇಕು? ಶ್ರೀರಂಗಪಟ್ಟಣದವರಿಗೆ ಬಿಡಿಸಿ ಹೇಳಬೇಕಿಲ್ಲ. 1792ರಲ್ಲಿ ಕಾರ್ನ್‌ವಾಲಿಸ್ ಒಪ್ಪಂದಕ್ಕೆ ಒತ್ತೆಯಾಗಿ ಪಡೆದದ್ದು ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು. ಹತ್ತಿರದವರು ಬೇರೆಯವರ ಹಿಡಿತದಲ್ಲಿದ್ದರೆ ಎಂಥವನ ಕೈಯೂ ಕಟ್ಟಿಹೋಗುತ್ತದೆ. ಗುಟ್ಟು ಕಾಯುವ ಕೆಲಸಕ್ಕೆ ಯಾವ ದೇಶ, ಎಷ್ಟು ಹತ್ತಿರದ ಸಂಬಂಧ ಎಂದು ಹೆಚ್ಚು ಕೂಲಂಕಷವಾಗಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಸಂಬಂಧವನ್ನೇ ಮುಚ್ಚಿಟ್ಟವನನ್ನು "ಹೇಳಿಬಿಡ್ತೀನಿ" ಎಂದು ಹೆದರಿಸುವುದು ಇನ್ನೂ ಸುಲಭ.

ಕೆಲಸಕ್ಕೆ ಸೇರಿದ ಮೇಲೂ ಇದು ಮುಗಿಯುವುದಿಲ್ಲ. ವಿದೇಶಿ ಪ್ರಜೆಯನ್ನು ಮದುವೆಯಾದರೆ ಕೂಡಲೇ ತಿಳಿಸಬೇಕು ಎಂದು ಕೇಂದ್ರ ನೌಕರರ 1964ರ ನಡತೆ ನಿಯಮ ಹೇಳುತ್ತದೆ. 2025ರ ಮೇನಲ್ಲಿ, ಪಾಕಿಸ್ತಾನದ ಮಹಿಳೆಯನ್ನು ಮದುವೆಯಾಗಿದ್ದ ಜಮ್ಮುವಿನ ಜವಾನರೊಬ್ಬರನ್ನು ಸಿಆರ್‌ಪಿಎಫ್ ವಜಾ ಮಾಡಿತು. ಮದುವೆ ಮುಚ್ಚಿಟ್ಟರು, ವೀಸಾ ಮುಗಿದರೂ ಇರಿಸಿಕೊಂಡರು ಎಂಬುದು ಪಡೆಯ ಆರೋಪ. ಮೊದಲೇ ತಿಳಿಸಿದ್ದೆ ಎಂಬುದು ಅವರ ವಾದ. ಯಾರದು ಸರಿ ಎಂದು ನಾವು ತೀರ್ಪು ಕೊಡುವುದಿಲ್ಲ. ಆದರೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು ಎಂಬುದನ್ನು ನಮ್ಮ ಮಕ್ಕಳು ಕಲಿಯಲಿ.

ಸರ್ಕಾರದ ಮೇಲೂ ನಮ್ಮ ತಕರಾರಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಇಂಗ್ಲಿಷ್, ಹಿಂದಿಯ ಫಾರಂ ಹಿಡಿದು ಸೈಬರ್ ಸೆಂಟರ್‌ನವರು ಹೇಳಿದಂತೆ ತುಂಬುತ್ತಾನೆ. ತಪ್ಪಾದರೆ ಶಿಕ್ಷೆ ಅವನಿಗೆ. ಫಾರಂನ ಪ್ರತಿ ಪ್ರಶ್ನೆಗೂ ಕನ್ನಡದ ವಿವರಣೆ ಪೊಲೀಸ್ ಠಾಣೆಯಲ್ಲಿ ಸಿಗಬೇಕು. ಕೆಲಸ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಕಾರಣ ಹೇಳದೆ ಬಿಟ್ಟಾಗಲೇ ಇಂಥ ಗಾಳಿಮಾತು ಹುಟ್ಟುವುದು.

ಅಲ್ಲಿಯವರೆಗೆ ಇಷ್ಟು ಮಾಡಿ: ನಿಜ ಬರೆಯಿರಿ, ತುಂಬಿದ ಫಾರಂನ ಜೆರಾಕ್ಸ್ ಮನೆಯಲ್ಲಿಡಿ.