ಎಂಟು ಮಕ್ಕಳ ಮನೆ ಕಥೆ

ಅಡಿಕೆ ಸುಲಿತಾ ‘ಬ್ರಿಜರ್ಟನ್’ ನೋಡಿರೆ “ಈ ವಯಸ್ಸಲ್ಲಿ ಪ್ರೇಮದ ಕಥೆಯಾ?” ಹೇಳಿ ನೆಗ್ಯಾಡ್ತ. ನೆಗ್ಯಾಡ್ಲಿ! ಜೂಲಿಯಾ ಕ್ವಿನ್ 2000ದಲ್ಲಿ ಶುರು ಮಾಡಿದ ಕಾದಂಬರಿ ಸಾಲು ಅದು. ಆಂಟನಿಯಿಂದ ಹಯಸಿಂತ್‌ವರೆಗೆ ಎಂಟು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಯಂಗೆ ಹಿಡಿಸಿದ್ದು ಡ್ಯೂಕನ ದೌಲತ್ತಲ್ಲ. ಒಡಹುಟ್ಟಿದವರ ಜಗಳ-ನೆಗೆ, ಮತ್ತೆ ಗಂಡ ತೀರಿದ ಅಮ್ಮ ವಯಲೆಟ್. ಮಕ್ಕಳ ಮದುವೆ ಗಡಿಬಿಡಿ ಅದಕ್ಕೂ ಇದ್ದು. ಆದ್ರೆ ಮನಸ್ಸು ಕೂಡಿ ಆಗವು ಹೇಳ್ತು.

ಇದು ಪರದೇಶದ ಮಾತು ಮಾತ್ರ ಅಲ್ಲ. ಯಂಗಳ ಕೋಣಂದೂರು ಇಪ್ಪ ತೀರ್ಥಹಳ್ಳಿ ಸೀಮೆಯವ್ವೇ ಕುವೆಂಪು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಚಿನ್ನಮ್ಮ ಒಲ್ಲದ ಮದುವೆ ಬೇಡ ಹೇಳಿ ರಾತ್ರಿ ಮನೆ ಬಿಟ್ಟು ಹೋಗ್ತು. ಮೊದ್ಲೇ ಅದರ ಮನಸ್ಸು ಕೇಳಿದ್ರೆ ಓಡೋ ಪ್ರಮೇಯವೇ ಇರ್ತಿತ್ತಿಲ್ಲೆ.

ಜಾತಕ ಹೊರಗೆ ತೆಗೆಯೋ ಮೊದ್ಲು ಕೂಸಿನ ಹತ್ರ ಒಂದು ಮಾತು ಕೇಳವು. ಎಂತ ಹೇಳ್ತಿ, ಅತ್ತಿಗೆ?