ನಮ್ಮ ಕಥಿ ಡಬ್ಬಿಂಗ್‌ದಾಗೇ ಯಾಕ ಬರಬೇಕು?



ಸ್ವಲ್ಪ ಉದ್ದ ಬರೀಲತ್ತೀನಿ, ಪುರುಸೊತ್ತಿದ್ದಾಗ ಓದ್ರಿ. ಇವತ್ತಿನ ವಿಷಯ ಮೀಸಲಾತಿ ಅಲ್ಲ, ಬಡ್ತಿ ಅಲ್ಲ, ಟೀವಿ ಧಾರಾವಾಹಿ. ನಗಬ್ಯಾಡ್ರಿ. ಒಂದು ಸಭೆಗೆ ನೂರು ಮಂದಿ ಸೇರಿಸಬೇಕಂದ್ರ ನಮಗ ಹದಿನೈದು ದಿನ ಓಡಾಟ. ಅದೇ ಸಂಜಿ ಏಳಾದ್ರ ಸಾಕು, ನಮ್ಮ ಚಿಂತಾಕಿಯಲ್ಲಿ ಯಾವ ಓಣಿಗೆ ಹೋದ್ರೂ ಯಾರೂ ಕರೀದೇನೇ ಮನಿ ಮಂದಿಯೆಲ್ಲ ಟೀವಿ ಮುಂದ ಕುಂತಿರ್ತಾರ. ಅಲ್ಲಿ ಏನು ತೋರಿಸ್ತಾರ ಅನ್ನೋದು ಚಳವಳಿಯವರಿಗೆ ಸಂಬಂಧವಿಲ್ಲದ ಮಾತು ಅಂತ ನನಗೆ ಅನ್ಸೋದಿಲ್ಲ.

ನಾನೇನು ಟೀವಿ ಪಂಡಿತ ಅಲ್ಲ. ಆಫೀಸಿನ ಫೈಲು ಮುಗಿಸಿ ಬಂದು ಊಟ ಮಾಡ್ತಾ ನೋಡೋನು. ರಿಮೋಟು ನನ್ನ ಕೈಗೆ ಸಿಗೋದೂ ಅಪರೂಪ. ಹಂಗ ನೋಡಿದ್ರೂ ಒಂದು ಸಂಗತಿ ಕಣ್ಣಿಗೆ ಬಿದ್ದದ. ಧಾರಾವಾಹಿಯಲ್ಲಿ ಯಾರೂ ಬಾಯಿಬಿಟ್ಟು ಜಾತಿ ಹೇಳೋದಿಲ್ಲ, ಆದ್ರ ಮನಿ ಹೇಳ್ತದ. ದೊಡ್ಡ ಬಂಗಲೆ, ದೇವರ ಮನೆ, ವ್ರತ, ಮನೆತನದ ಮರ್ಯಾದೆ. ಬಡ ನಾಯಕಿಯೂ ಇರ್ತಾಳ. ಹೂ ಮಾರ್ತಾಳ, ಹೋಟೆಲ್‌ದಾಗ ದುಡೀತಾಳ. ಆದ್ರ ಆ ಬಡವಿ ಮನಿಯೂ ಊರ ನಡುವೇ ಇರ್ತದ. ಗೋಡೆ ಮ್ಯಾಲೆ ಬಾಬಾಸಾಹೇಬರ ಫೋಟೋ ಇರೋ ನಾಯಕಿ ಮನಿ ನಾನಂತೂ ಇನ್ನೂ ನೋಡಿಲ್ಲ. ನಮ್ಮ ಓಣಿಯಲ್ಲಿ ಆ ಫೋಟೋ ಇಲ್ಲದ ಮನಿ ಹುಡುಕಬೇಕು. ಟೀವಿಯಲ್ಲಿ ಇರೋ ಮನಿ ಹುಡುಕಬೇಕು.

ಹಿಂಗಿರುವಾಗ 2020ರಲ್ಲಿ, ಕೊರೊನಾ ವರ್ಷ, ಜೀ ಕನ್ನಡದಲ್ಲಿ ‘ಮಹಾನಾಯಕ’ ಬಂತು. ಹಿಂದಿಯ ಆಂಡ್ ಟೀವಿಯಲ್ಲಿ 2019ರ ಡಿಸೆಂಬರಿನಲ್ಲಿ ಶುರುವಾಗಿದ್ದ ‘ಏಕ್ ಮಹಾನಾಯಕ್’ ಧಾರಾವಾಹಿಯ ಡಬ್ಬಿಂಗ್ ಅದು. ಗಡಿಯವರಾದ ನಮಗೆ ವಿಷಯ ಹೊಸದೇನಲ್ಲ. ಔರಾದ್, ಭಾಲ್ಕಿ ಕಡಿ ಮರಾಠಿ ಅರ್ಥ ಆಗದವರು ಕಡಿಮಿ. ಮರಾಠಿಯ ಸ್ಟಾರ್ ಪ್ರವಾಹದಲ್ಲಿ 2019ರಿಂದಲೇ ಬಾಬಾಸಾಹೇಬರ ಬೇರೆ ಧಾರಾವಾಹಿ ಬರ್ತಿತ್ತು, ಸಾಗರ್ ದೇಶ್‌ಮುಖ್ ಅಂಬೇಡ್ಕರ್ ಆಗಿದ್ದರು. ಆದ್ರ ಕನ್ನಡದಲ್ಲಿ ಬಂದಾಗ ಆದದ್ದೇ ಬೇರೆ. ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಯುವಕರು ಫ್ಲೆಕ್ಸ್ ಕಟ್ಟಿದರು. ಸಿನಿಮಾ ಹೀರೋಗಲ್ಲ, ಎಮ್ಮೆಲ್ಲೆ ಹುಟ್ಟುಹಬ್ಬಕ್ಕಲ್ಲ, ಒಂದು ಧಾರಾವಾಹಿಗೆ! ಇದನ್ನ ನಿಲ್ಲಿಸಿ ಅಂತ ಬೆದರಿಕೆ ಕರೆ ಬರ್ತಿವೆ ಅಂತ ಚಾನೆಲ್ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರೇ ಆಗ ಬಹಿರಂಗವಾಗಿ ಹೇಳಿದರು. ನಿಲ್ಲಿಸೋದಿಲ್ಲ ಅಂತಲೂ ಹೇಳಿದರು. ಆ ಧೈರ್ಯಕ್ಕೆ ಮೆಚ್ಚಬೇಕು.

ಧಾರಾವಾಹಿ ಚಂದ ಇತ್ತಾ? ನನ್ನ ಮಟ್ಟಿಗೆ ಅಷ್ಟಕ್ಕಷ್ಟೇ. ಬಾಲಕ ಭೀಮನ ಭಾಗ ಬಹಳ ಎಳೆದರು. ಕೆಟ್ಟವರು ಬಂದಾಗಲೆಲ್ಲ ಢಮಾಢಮಾ ಮ್ಯೂಸಿಕ್. ಜಾತಿ ಅಂದ್ರ ನಾಲ್ಕು ದುಷ್ಟರ ಕೆಟ್ಟತನ ಅನ್ನೋಹಂಗ ಕಾಣ್ತಿತ್ತು. ಒಳ್ಳೆಯವರು ಅನಿಸಿಕೊಂಡವರೂ ತಣ್ಣಗೆ ನಡೆಸಿಕೊಂಡು ಬಂದ ವ್ಯವಸ್ಥೆ ಅಂತ ಅನಿಸ್ತಿರಲಿಲ್ಲ. ಆದ್ರೂ ಶಾಲೆಯಲ್ಲಿ ಗೋಣಿಚೀಲದ ಮ್ಯಾಲೆ ಬೇರೆ ಕುಂದ್ರೋದು, ಜವಾನ ಬರದಿದ್ರ ಕುಡಿಯಲಿಕ್ಕೆ ನೀರಿಲ್ಲ ಅನ್ನೋದು ಬಾಬಾಸಾಹೇಬರೇ ಬರೆದಿಟ್ಟ ಸತ್ಯ. ಆ ಬದುಕನ್ನ ಎಲ್ಲ ಓಣಿಯ ಮಕ್ಕಳೂ ಒಂದೇ ಹೊತ್ತಿಗೆ, ಕನ್ನಡದಲ್ಲಿ, ತಮ್ಮ ತಮ್ಮ ಮನಿಯಲ್ಲಿ ಕುಂತು ನೋಡಿದವು. ಇದು ನೂರು ಭಾಷಣಕ್ಕೆ ಸಮ.

ಈಗ ನನ್ನ ತಕರಾರು ಕೇಳ್ರಿ. ಇಂಥದ್ದೊಂದು ಧಾರಾವಾಹಿ ಹಿಂದಿಯಿಂದ ಯಾಕ ಬರಬೇಕಾಯ್ತು?

ಕನ್ನಡದಲ್ಲಿ 1960ರ ದಶಕದಿಂದ ಡಬ್ಬಿಂಗಿಗೆ ಬಾಗಿಲು ಹಾಕಿದ್ರು. ಭಾಷೆ ಉಳೀಬೇಕು, ನಮ್ಮ ನೆಲದ ಕಥಿ ಬರಬೇಕು, ಕಲಾವಿದರ ಹೊಟ್ಟಿ ಮ್ಯಾಲೆ ಹೊಡೀಬಾರದು ಅಂದ್ರು. ಹೊಟ್ಟಿಪಾಡಿನ ಮಾತನ್ನ ನಾನು ಹಗುರಾಗಿ ನೋಡೋದಿಲ್ಲ, ಲೈಟ್‌ಬಾಯ್‌ಗೂ ಮನಿಯಿದೆ. ಆದ್ರ 2012ರಲ್ಲಿ ಏನಾಯ್ತು ನೆನಪು ಮಾಡ್ಕೊಳ್ರಿ. ಆಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಂನಲ್ಲೆಲ್ಲ ಬಂತು. ಡಬ್ಬಿಂಗ್ ವಿರೋಧದಿಂದ ಕನ್ನಡದಲ್ಲಿ ಮಾತ್ರ ಬರಲಿಲ್ಲ. ಅದರಲ್ಲಿ ಅಸ್ಪೃಶ್ಯತೆ ಬಗ್ಗೆ ಒಂದು ಇಡೀ ಕಂತು ಇತ್ತು. ಮಲ ಹೊರುವ ಪದ್ಧತಿ ಬಗ್ಗೆ ಮಾತಾಡಿದವರು ಬೆಜವಾಡ ವಿಲ್ಸನ್, ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದವರು. ಕೋಲಾರದ ಮಣ್ಣಿನ ಮನುಷ್ಯನ ಮಾತು ತಮಿಳರಿಗೆ ತಮಿಳಿನಲ್ಲಿ, ತೆಲುಗರಿಗೆ ತೆಲುಗಿನಲ್ಲಿ ಮುಟ್ಟಿತು. ಕನ್ನಡದವರಿಗೆ ಕನ್ನಡದಲ್ಲಿ ಮುಟ್ಟಲಿಲ್ಲ. ಇದರಿಂದ ಯಾವ ಕನ್ನಡ ಉಳೀತು?

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹಿಂಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ದಾಗ ಶೂಟಿಂಗ್ ನಿಂತಾಗ ಡಬ್ಬಿಂಗ್ ಧಾರಾವಾಹಿಗಳು ಒಳಗ ಬಂದವು. ಅಂದ್ರ, ಬಾಬಾಸಾಹೇಬರು ಕನ್ನಡದ ಮನಿಮನಿಗೆ ಬಂದದ್ದು ಯಾವ ಬಾಗಿಲು ಅಷ್ಟು ವರ್ಷ ಹಾಕಿತ್ತೋ ಅದೇ ಬಾಗಿಲಿನಿಂದ.

ಕನ್ನಡದವರು ಏನೂ ಮಾಡಿಲ್ಲ ಅನ್ನೋದಿಲ್ಲ. 1975ರ ‘ಚೋಮನ ದುಡಿ’ ಅದ. 2005ರಲ್ಲಿ ಶರಣಕುಮಾರ್ ಕಬ್ಬೂರ್ ಕನ್ನಡದಲ್ಲೇ ಅಂಬೇಡ್ಕರ್ ಸಿನಿಮಾ ಮಾಡಿದ್ರು, ವಿಷ್ಣುಕಾಂತ್ ಬಾಬಾಸಾಹೇಬರಾಗಿ ನಟಿಸಿದ್ರು. ಆದ್ರ ನಾನು ಕೇಳೋದು ದಿನಾ ಸಂಜಿ ಮನಿಗೆ ಬರೋ ಧಾರಾವಾಹಿ ಬಗ್ಗೆ.

ಕಥಿಗೇನು ಬರಗಾಲ ಅದ? ಧಾರಾವಾಹಿಯಲ್ಲಿ ಪ್ರೀತಿ ಅಂದ್ರ ಯಾವಾಗಲೂ ಶ್ರೀಮಂತ ಹುಡುಗ, ಬಡ ಹುಡುಗಿ. ನಡುವೆ ರೊಕ್ಕ ಅಡ್ಡ ಬರ್ತದ, ಜಾತಿ ಎಂದೂ ಅಡ್ಡ ಬರೋದಿಲ್ಲ. ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಬರ್ರಿ. ಹನ್ನೆರಡನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದಿವಿ ಆಯ್ತು. ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆ ಆಯ್ತು, ಕಲ್ಯಾಣವೇ ಉರೀತು. ಗಿರೀಶ್ ಕಾರ್ನಾಡರ ‘ತಲೆದಂಡ’ ನಾಟಕಕ್ಕೆ ಇದೇ ವಸ್ತು. ಇದಕ್ಕಿಂತ ದೊಡ್ಡ ಪ್ರೀತಿ ಕಥಿ, ದೊಡ್ಡ ಕ್ಲೈಮ್ಯಾಕ್ಸು ಯಾರಿಗೆ ಬೇಕು?

ಹತ್ತಿರದ್ದೇ ಬೇಕಾ? 1956ರ ತನಕ ನಾವಿದ್ದ ಹೈದರಾಬಾದ್ ರಾಜ್ಯದ ದಲಿತ ನಾಯಕ ಬಿ. ಶ್ಯಾಮಸುಂದರ್ ಅವರು 1968ರಲ್ಲಿ ಕಲಬುರಗಿಯಲ್ಲಿ ಕಟ್ಟಿದ ಭೀಮಸೇನೆ ಅದ. 1973ರ ಬೂಸಾ ಪ್ರಕರಣ ಅದ. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಬಸವಲಿಂಗಪ್ಪನವರು ಮಂತ್ರಿಗಿರಿ ಕಳ್ಕೊಂಡ್ರು, ಆ ಬೆಂಕಿಯಿಂದ ದಲಿತ ಸಂಘರ್ಷ ಸಮಿತಿ ಎದ್ದು ಬಂತು. ಇವೆಲ್ಲ ಕರ್ನಾಟಕದಾಗೇ ನಡೆದದ್ದು, ಡಬ್ ಮಾಡೋ ಅಗತ್ಯ ಇಲ್ಲ.

‘ಜನ ನೋಡೋದಿಲ್ಲ, ಟಿಆರ್‌ಪಿ ಬರೋದಿಲ್ಲ’ ಅಂತಾರ. ಸುಳ್ಳು. 2020ರ ಫ್ಲೆಕ್ಸ್‌ಗಳೇ ಒಂದು ಉತ್ತರ. ಇನ್ನೊಂದು ಉತ್ತರ ಹನುಮಂತ ಲಮಾಣಿ. ಹಾವೇರಿ ಜಿಲ್ಲೆಯ ತಾಂಡಾದ ಕುರಿ ಕಾಯೋ ಹುಡುಗ, ಲುಂಗಿ ಬಿಡಲಿಲ್ಲ, ತನ್ನ ಭಾಷೆ ಬಿಡಲಿಲ್ಲ. ಸರಿಗಮಪದಲ್ಲಿ ರನ್ನರ್ ಅಪ್ ಆದ. ಬಿಗ್ ಬಾಸ್ ಹನ್ನೊಂದನೇ ಸೀಸನ್ನಿಗೆ ನಡುವೆ ವೈಲ್ಡ್ ಕಾರ್ಡ್‌ನಲ್ಲಿ ಹೋಗಿ 2025ರ ಜನವರಿಯಲ್ಲಿ ಗೆದ್ದೇ ಬಂದ. ವೋಟು ಹಾಕಿದವರು ಯಾರು? ಇದೇ ಜನ. ಜನಕ್ಕ ತಾಂಡಾದ ಹುಡುಗ ಹಿಡಿಸ್ತಾನ. ಕಥಿ ಬರೆಯೋರಿಗೆ ಮಾತ್ರ ಅವನು ಕಾಮಿಡಿಗೆ ಬೇಕು, ಹೀರೋ ಆಗಲಿಕ್ಕೆ ಬ್ಯಾಡ.

ಹಂಗಂತ ಚಾನೆಲ್ಲಿನವರಿಗೆ ಬೈದು ಕೂತ್ರ ಆಗೋದಿಲ್ಲ. ನಾವು ಏಪ್ರಿಲ್ 14ಕ್ಕೆ ಡಿಜೆಗೆ, ಫ್ಲೆಕ್ಸಿಗೆ ಎಷ್ಟು ಖರ್ಚು ಮಾಡ್ತೀವಿ ಅಂತ ಎಲ್ಲರಿಗೂ ಗೊತ್ತದ. ಅದರಾಗ ಒಂದು ಪಾಲು ತೆಗೆದು ನಮ್ಮ ಓಣಿಯ ಕಥಿ ಬರೆಯೋ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಕೊಡ್ರಿ. ಔರಾದ್, ಭಾಲ್ಕಿಯ ನಮ್ಮ ಮಕ್ಕಳು ಮೊಬೈಲ್‌ದಾಗೇ ಎಷ್ಟು ಚಂದ ಶೂಟಿಂಗ್, ಎಡಿಟಿಂಗ್ ಮಾಡ್ತಾರ ನೋಡ್ರಿ. ಹತ್ತು ನಿಮಿಷದ ಕಥಿ ಮಾಡ್ಲಿ, ನಮ್ಮದೇ ಭಾಷೆಯಲ್ಲಿ ಮಾಡ್ಲಿ. ನಾಯಕಿ ಮನಿ ಗೋಡೆ ಮ್ಯಾಲೆ ಫೋಟೋ ಯಾರದ್ದು ಅಂತ ನಾನು ಹೇಳೋದು ಬ್ಯಾಡ, ಅದು ಅಲ್ಲಿ ಈಗಾಗಲೇ ತೂಗಿರ್ತದ.

ಜೈ ಭೀಮ್. ಜೈ ಸಂವಿಧಾನ.