ಬೂಟು ತಿಂದ ಡೈರೆಕ್ಟರು!

ಮೊನ್ನೆ ಸಂಜೆ ಗಾಂಧಿನಗರದ ಟೀ ಅಂಗಡಿ ಮುಂದೆ ಮಿತ್ರನೊಬ್ಬ ಮುಖ ಇಳಿಬಿಟ್ಟುಕೊಂಡು ನಿಂತಿದ್ದ. ಐದು ವರ್ಷದಿಂದ ಅಸಿಸ್ಟೆಂಟ್ ಡೈರೆಕ್ಟರು. ನನಗೋ ಇಂಗ್ಲಿಷಿನ ಚಪಲ. ಪಿಯುಸಿ ಅರ್ಧಕ್ಕೇ ಬಿಟ್ಟವರಿಗೆ ಅದು ಸ್ವಲ್ಪ ಜಾಸ್ತಿನೇ! "ವಾಟ್ಸ್ ಈಟಿಂಗ್ ಯೂ?" ಅಂದೆ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಗುರುವೇ" ಅಂದ.

ನಗಬೇಕೋ ಅಳಬೇಕೋ? ನಾನು ಕೇಳಿದ್ದು, ನಿನ್ನನ್ನು ಯಾವ ಚಿಂತೆ ತಿಂತಿದೆ ಅಂತ. ಅವನು ಹೇಳಿದ್ದು ಹೊಟ್ಟೆ ವಿಷಯ. ಎರಡು ಬನ್ನು, ಒಂದು ಟೀ ಒಳಗೆ ಹೋದ ಮೇಲೆ ಬಾಯಿಬಿಟ್ಟ. ಮೂರು ತಿಂಗಳ ಸಂಬಳ ಮ್ಯಾನೇಜರು ತಿಂದಿದ್ದಾನೆ. ಸ್ವಂತ ಕಥೆಯೊಂದು ಇವನ ತಲೆ ತಿಂತಿದೆ.

1993ರಲ್ಲಿ 'ವಾಟ್ಸ್ ಈಟಿಂಗ್ ಗಿಲ್ಬರ್ಟ್ ಗ್ರೇಪ್' ಅಂತ ಒಂದು ಚಿತ್ರ ಬಂತು. ಹೆಸರು ಕೇಳಿ ನರಭಕ್ಷಕನ ಪಿಕ್ಚರ್ ಅಂದ್ಕೋಬೇಡಿ! ಜಾನಿ ಡೆಪ್ ಅದರಲ್ಲಿ ದಿನಸಿ ಅಂಗಡಿ ಹುಡುಗ. ಬುದ್ಧಿ ಬೆಳೆಯದ ತಮ್ಮನಾಗಿ ಲಿಯೊನಾರ್ಡೊ ಡಿಕಾಪ್ರಿಯೊ. ಗಂಡ ನೇಣು ಹಾಕಿಕೊಂಡ ಕೊರಗಿನಲ್ಲಿ ತಾಯಿ ತಿಂದೂ ತಿಂದೂ ಮನೆಯಿಂದ ಆಚೆ ಕಾಲಿಡದಷ್ಟು ದಪ್ಪ ಆಗಿದ್ದಾಳೆ. ತಾಯಿ ಊಟ ತಿಂತಾಳೆ, ಮಗನನ್ನು ಆ ಮನೆಯೇ ತಿಂತಾ ಇದೆ. ಎರಡಕ್ಕೂ ಅದೇ ಈಟು!

ಇಂಗ್ಲಿಷಿನವರಿಗೆ ಶಪಥ ಮಾಡೋಕೂ ಇದೇ ಮಾತು ಬೇಕು. ನಾವು ಅರ್ಧ ಮೀಸೆ ಬೋಳಿಸ್ಕೊತೀನಿ ಅಂದರೆ, ಅವರು ನನ್ನ ಹ್ಯಾಟು ತಿಂತೀನಿ ಅಂತಾರೆ. ಯಾರೂ ತಿನ್ನೋದಿಲ್ಲ ಬಿಡಿ.

ನಿಜವಾಗಿ ತಿಂದವನೊಬ್ಬ ಇದ್ದಾನೆ. ಜರ್ಮನಿಯ ಡೈರೆಕ್ಟರ್ ವರ್ನರ್ ಹರ್ಜೋಗ್. ಎರಾಲ್ ಮಾರಿಸ್ ಅಂತ ಅಮೆರಿಕದ ಹುಡುಗ, ಪಿಕ್ಚರ್ ಮಾಡ್ತೀನಿ ಮಾಡ್ತೀನಿ ಅಂತಿದ್ದ. ನೀನು ಮುಗಿಸಿದರೆ ನನ್ನ ಬೂಟು ತಿಂತೀನಿ ಅಂತ ಹರ್ಜೋಗ್ ಪಂಥ ಕಟ್ಟಿದ. ಹುಡುಗ ಮುಗಿಸಿಯೇಬಿಟ್ಟ! ಸಾಕುಪ್ರಾಣಿಗಳ ಸ್ಮಶಾನದ ಬಗ್ಗೆ 'ಗೇಟ್ಸ್ ಆಫ್ ಹೆವನ್', 1978ರಲ್ಲಿ.

1979ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಹರ್ಜೋಗ್ ತನ್ನ ಬೂಟನ್ನು ಬೆಳ್ಳುಳ್ಳಿ, ಸೊಪ್ಪು ಹಾಕಿ ಐದು ಗಂಟೆ ಬೇಯಿಸಿದ. ಥಿಯೇಟರಿನಲ್ಲಿ ಜನರ ಎದುರು ಕತ್ತರಿಸಿ ತಿಂದ. ಅಟ್ಟೆ ಮಾತ್ರ ಬಿಟ್ಟ. ಕೋಳಿ ತಿಂದವರು ಮೂಳೆ ಬಿಡೋದಿಲ್ಲವೇ, ಅದು ಅವನ ವಾದ! ಲೆಸ್ ಬ್ಲಾಂಕ್ ಅನ್ನುವವನು ಇದನ್ನೇ ಶೂಟ್ ಮಾಡಿ 1980ರಲ್ಲಿ ಒಂದು ಕಿರುಚಿತ್ರ ಮಾಡಿದ. 'ಗೋಲ್ಡ್ ರಶ್'ನಲ್ಲಿ ಚಾಪ್ಲಿನ್ ಕೂಡ ಬೂಟು ತಿಂತಾನೆ, 1925ರಲ್ಲೇ. ಆದರೆ ಅದು ಅತಿಮಧುರದ ಮಿಠಾಯಿ. ಹರ್ಜೋಗ್ ತಿಂದದ್ದು ಅಸಲಿ ಚರ್ಮ ಸ್ವಾಮಿ.

ಕಥೆ ಮುಗಿದಾಗ ಮಿತ್ರ ನನ್ನ ಕಾಲು ನೋಡಿದ. ಹವಾಯಿ ಚಪ್ಪಲಿ.

"ರಬ್ಬರ್ ಬೇಯೋದಿಲ್ಲಪ್ಪ" ಅಂದೆ. "ಮುಂದಿನ ದೀಪಾವಳಿಯೊಳಗೆ ಇಪ್ಪತ್ತು ನಿಮಿಷದ್ದಾದರೂ ಒಂದು ಪಿಕ್ಚರ್ ಮುಗಿಸು. ಅರ್ಧ ಮೀಸೆ ಬೋಳಿಸಿಕೊಂಡು ಇದೇ ಅಂಗಡಿ ಮುಂದೆ ನಿಲ್ತೀನಿ."

"ಪೇಪರಿನಲ್ಲಿ ಹಾಕು ಗುರುವೇ. ಇಲ್ಲದಿದ್ದರೆ ಮಾತು ನುಂಗಿಬಿಡ್ತೀಯ."

ಹಾಕಿದ್ದೀನಿ, ನೋಡಪ್ಪ.